ಮಳೆನೀರಿಗೆ ದಾರಿ ಬಿಟ್ಟ ಬಾಗಿಲು

ಕಾರಿನ ಬಾಗಿಲ ಗ್ಲಾಸಿನ ಮೇಲೆ ಬಿದ್ದ ಮಳೆಹನಿ ಜಾರುತ್ತ ಜಾರುತ್ತ ಎಲ್ಲಿಗೆ ಹೋಗುತ್ತದೆ? ಬಾಗಿಲ ಹೊರಮೈ ಮೇಲೆ ಹರಿದು ನೆಲಕ್ಕೆ ಬೀಳುತ್ತದೆ ಎಂದೇ ನಮ್ಮಲ್ಲಿ ಬಹಳಷ್ಟು ಜನರ ಎಣಿಕೆ. ಒಂದು ಪಾಲು ಹಾಗೆ ಬೀಳುವುದೂ ನಿಜ. ಇನ್ನೊಂದು ಪಾಲು ಗ್ಲಾಸನ್ನು ಬಿಡದೆ ಅದಕ್ಕೆ ಅಂಟಿಕೊಂಡೇ ಇಳಿಯುತ್ತದೆ, ಗ್ಲಾಸು ಬಾಗಿಲೊಳಗೆ ಮುಳುಗುವ ಸೀಳಿನಲ್ಲಿ ನುಸುಳುತ್ತದೆ, ಬಾಗಿಲಿನ ಹೊಟ್ಟೆ ಸೇರುತ್ತದೆ. ಸೀಳಿನ ಅಂಚಿಗೆ ರಬ್ಬರ್ ಬೀಡಿಂಗ್ ಇದೆ, ಒಳಗಡೆ ಫೆಲ್ಟ್ ಪಟ್ಟಿಯೂ ಇದೆ. ಆದರೆ ನೀರಿನ ತೆಳುಪೊರೆಯನ್ನು ಪೂರ್ತಿ ತಡೆಯುವಷ್ಟು ಬಿಗಿಯಾಗಿ ರಬ್ಬರನ್ನು ಒತ್ತಿದರೆ ಗ್ಲಾಸನ್ನು ಏರಿಸಿ ಇಳಿಸುವುದೇ ಕಷ್ಟವಾಗುತ್ತದೆ. ಗ್ಲಾಸು ಓಡಾಡಬೇಕು ಎಂದಾದ ಮೇಲೆ ನೀರು ಒಳಗೆ ಬರುವುದನ್ನು ಒಪ್ಪಿಕೊಳ್ಳಲೇಬೇಕು.

ಕಾರು ಕಟ್ಟಿದ ಎಂಜಿನಿಯರುಗಳು ಅದನ್ನು ಮೊದಲ ದಿನದಿಂದಲೇ ಒಪ್ಪಿಕೊಂಡಿದ್ದರು. ಅದಕ್ಕೇ ಬಾಗಿಲಿನ ತಳದಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿವೆ. ಮೇಲಿನ ಸೀಳಿನಲ್ಲಿ ಬಂದ ನೀರು ಉಕ್ಕಿನ ಒಳಗೋಡೆಗುಂಟ ಇಳಿದು ಆ ತೂತುಗಳಿಂದ ಹೊರಗೆ ಹೋಗಬೇಕು. ಬಾಗಿಲಿನ ಒಳಗು ನಮ್ಮ ಕಣ್ಣಿಗೆ ಕಾರಿನ ಒಳಗೇ ಆದರೂ, ನೀರಿನ ಲೆಕ್ಕದಲ್ಲಿ ಅದು ಕಾರಿನ ಹೊರಗು. ಮಳೆಗೆ ತೆರೆದ ಆ ಜಾಗಕ್ಕೂ ನಾವು ಮೊಣಕೈ ಊರಿ ಕೂರುವ ಜಾಗಕ್ಕೂ ನಡುವೆ ಇರುವುದು ಒಂದು ತೆಳ್ಳನೆ ಹಾಳೆ ಮತ್ತು ರೆಕ್ಸಿನ್ ಹೊದಿಸಿದ ಒಂದು ಹಲಗೆ. ಗ್ಯಾರೇಜಿನವರು ಆ ಹಲಗೆಯನ್ನು ಡೋರ್ ಪ್ಯಾಡ್ ಎನ್ನುತ್ತಾರೆ. ಹಳೆಯ ಕಾರಿನ ಡೋರ್ ಪ್ಯಾಡ್ ಬಿಚ್ಚುವವರು ಸಾಮಾನ್ಯವಾಗಿ ಬೇರೆ ಯಾವುದೋ ಕೆಲಸಕ್ಕೆಂದು ಬಿಚ್ಚುತ್ತಾರೆ: ಗ್ಲಾಸು ಸಿಕ್ಕಿಕೊಂಡಿದೆ, ಹ್ಯಾಂಡಲ್ ಸುಮ್ಮನೆ ತಿರುಗುತ್ತಿದೆ, ಲಾಕ್ ಬೀಳುತ್ತಿಲ್ಲ. ಆ ಕೆಲಸ ಯಾವುದೇ ಇರಲಿ, ಪ್ಯಾಡ್ ಬಿಚ್ಚಿದ ಮೇಲೆ ನೀರಿನ ದಾರಿಯನ್ನು ನೋಡದೆ ಅದನ್ನು ಮುಚ್ಚಬಾರದು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಅದನ್ನೇ. ಹಳೆಯ ಬಾಗಿಲುಗಳಲ್ಲಿ ಕೆಡುವ ಬಹುಪಾಲು ಭಾಗಗಳ ಹಿಂದೆ ದಾರಿ ತಪ್ಪಿದ ನೀರಿರುತ್ತದೆ.

ನಮ್ಮ ರಸ್ತೆಗಳಲ್ಲಿ ಹಳೆಯ ಕಾರು ಎಂದರೆ ಮೊದಲು ನೆನಪಾಗುವುದು ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟಾರ್ಸ್ ಅದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ತಯಾರಿಸಿತು. ಪದ್ಮಿನಿಯ ಮೂಲ ಇಟಲಿಯ ಫಿಯಾಟ್ 1100. ಮುಂಬೈನ ಕುರ್ಲಾದಲ್ಲಿ ಅದನ್ನು ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದರು. ಭಾರತದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಪಟ್ಟುಹಿಡಿದು ಯೋಜನೆ ಹಾಕಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ವಾಲ್‌ಚಂದ್ ಅದೇ ಕನಸಿನ ಬೆನ್ನು ಹತ್ತಿದವರು. ಈ ಎರಡೂ ಕಾರುಗಳ ಬಾಗಿಲು 1950ರ ದಶಕದ ವಿಚಾರದಂತೆ ಕಟ್ಟಿದ್ದು: ಉಕ್ಕಿನ ಎರಡು ತಗಡುಗಳು, ನಡುವೆ ಟೊಳ್ಳು, ಕೈಯಿಂದ ತಿರುಗಿಸುವ ಗ್ಲಾಸು, ಒಳಗಡೆ ಹಾರ್ಡ್‌ಬೋರ್ಡಿನ ಪ್ಯಾಡ್. ಫೋಕ್ಸ್‌ವ್ಯಾಗನ್ ಬೀಟಲ್ ಆಗಲಿ, ಅಮೆರಿಕದ ಶೆವರ್ಲೆ ಆಗಲಿ, ವಿವರಗಳು ಬೇರೆ, ತತ್ವ ಇದೇ.

ಹಾರ್ಡ್‌ಬೋರ್ಡಿನ ಗುಣ ಗೊತ್ತಿದ್ದರೆ ಪ್ಯಾಡ್ ಬಿಚ್ಚುವಾಗ ಕೈ ತಾನೇ ಜಾಗರೂಕವಾಗುತ್ತದೆ. 1924ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಎಂಬ ಊರಿನಲ್ಲಿ ವಿಲಿಯಂ ಮೇಸನ್ ಕಂಡುಹಿಡಿದ ವಸ್ತು ಅದು. ಮರದ ಚೂರುಗಳನ್ನು ಭಾರೀ ಒತ್ತಡದ ಹಬೆಯಲ್ಲಿಟ್ಟು ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಚೂರುಗಳು ಸಿಡಿದು ನಾರು ನಾರಾಗುತ್ತವೆ. ಆ ನಾರನ್ನು ಹಾಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದಾಗ ಮರದೊಳಗಿನ ಲಿಗ್ನಿನ್ ಎಂಬ ಅಂಟೇ ಅವುಗಳನ್ನು ಬೆಸೆಯುತ್ತದೆ. ತಯಾರಾದ ಹಲಗೆ ತೆಳ್ಳಗೆ, ಗಟ್ಟಿ, ಅಗ್ಗ. ಅದರ ಶತ್ರು ಒಂದೇ, ನೀರು. ಪ್ರೆಸ್ಸಿನಲ್ಲಿ ಚಪ್ಪಟೆಯಾಗಿದ್ದ ನಾರುಗಳು ನೀರು ಕುಡಿದಾಗ ಮತ್ತೆ ಉಬ್ಬುತ್ತವೆ, ನಡುವಿನ ಬೆಸುಗೆ ಹರಿಯುತ್ತದೆ. ಒಣಗಿದ ಮೇಲೂ ಹಲಗೆ ತನ್ನ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಪ್ಯಾಡಿನ ಕೆಳಗಿನ ಅಂಚು ಅಲೆಅಲೆಯಾಗಿ ಬಾಗಿದ್ದರೆ, ರೆಕ್ಸಿನ್ನಿನ ತಳದಲ್ಲಿ ಕಂದು ಕಲೆ ಕಂಡರೆ, ಬಾಗಿಲೊಳಗಿನ ಹಾಳೆ ಹರಿದಿದೆ ಎಂದು ಬಿಚ್ಚುವ ಮೊದಲೇ ಹೇಳಬಹುದು.

ರೆಕ್ಸಿನ್ ಇನ್ನೊಂದು ಬಗೆಯ ವಸ್ತು. ಅದು ಪಿವಿಸಿ. ಪಿವಿಸಿ ಹುಟ್ಟಿನಿಂದ ಮೆತ್ತಗಿನದಲ್ಲ, ನೀರಿನ ಪೈಪಿನಷ್ಟು ಬಿರುಸು. ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ 1926ರಲ್ಲಿ ಅದಕ್ಕೆ ಎಣ್ಣೆಯಂಥ ದ್ರವಗಳನ್ನು ಬೆರೆಸಿ ಬಾಗುವಂತೆ ಮಾಡಿದರು. ಆ ದ್ರವದ ಅಣುಗಳು ಪಿವಿಸಿಯ ಉದ್ದನೆಯ ಸರಪಳಿಗಳ ನಡುವೆ ಕುಳಿತು ಅವು ಒಂದರ ಮೇಲೊಂದು ಜಾರುವಂತೆ ನೋಡಿಕೊಳ್ಳುತ್ತವೆ. ಆದರೆ ಅವು ಸರಪಳಿಗೆ ಕಟ್ಟಿಕೊಂಡಿರುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆವಿಯಾಗಿ ಹೋಗುತ್ತವೆ. ಮುಂದಿನ ಗಾಜಿನ ಒಳಮೈಗೆ ಕೂರುವ ಜಿಡ್ಡುಮಂಜಿನಲ್ಲಿ ಅವುಗಳ ಪಾಲೂ ಇದೆ. ಮೂವತ್ತು ನಲವತ್ತು ವರ್ಷದ ರೆಕ್ಸಿನ್ ಮಡಚಿದಲ್ಲಿ ಬಿರಿಯುವುದು ಇದರಿಂದ. ಉಳಿದಿರುವ ಅಷ್ಟಿಷ್ಟು ಮೆದುತನವೂ ಚಳಿಯಲ್ಲಿ ಕುಗ್ಗುತ್ತದೆ. ಹಾಗಾಗಿ ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾರನ್ನು ಒಂದೆರಡು ಗಂಟೆ ಎಳೆಬಿಸಿಲಿನಲ್ಲಿ ನಿಲ್ಲಿಸಿ, ಪ್ಯಾಡ್ ಮುಟ್ಟಿದರೆ ಬೆಚ್ಚಗೆನಿಸಿದ ಮೇಲೆ ಶುರು ಮಾಡಿ.

ಮೊದಲು ಬಿಚ್ಚಬೇಕಾದದ್ದು ಪ್ಯಾಡನ್ನು ತೂರಿ ಹೊರಬಂದಿರುವ ಭಾಗಗಳನ್ನು: ಗ್ಲಾಸು ತಿರುಗಿಸುವ ಹ್ಯಾಂಡಲ್, ಬಾಗಿಲು ತೆರೆಯುವ ಹ್ಯಾಂಡಲ್, ಆರ್ಮ್‌ರೆಸ್ಟ್. ಅದಕ್ಕೂ ಮೊದಲು ಗ್ಲಾಸನ್ನು ಪೂರ್ತಿ ಮೇಲೇರಿಸಿ, ಆಗ ಹ್ಯಾಂಡಲ್ ಯಾವ ಕಡೆ ಮುಖ ಮಾಡಿದೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಹ್ಯಾಂಡಲ್ ಹೇಗೆ ನಿಂತಿದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಒಂದು ಬಗೆಯಲ್ಲಿ ಹ್ಯಾಂಡಲಿನ ಕತ್ತಿಗೂ ಒಳಗಿನ ದಂಡಕ್ಕೂ ಅಡ್ಡಲಾಗಿ ಒಂದು ಪಿನ್ ಹೊಕ್ಕಿರುತ್ತದೆ. ಹ್ಯಾಂಡಲಿನ ಬುಡದ ಬಟ್ಟಲಿನಂಥ ಬಿಲ್ಲೆಯನ್ನು ಪ್ಯಾಡಿನ ಕಡೆಗೆ ಒತ್ತಿಹಿಡಿದರೆ ಪಿನ್ ಕಾಣಿಸುತ್ತದೆ. ತುದಿ ಚಪ್ಪಟೆ ಮಾಡಿದ ಸಣ್ಣ ಮೊಳೆಯನ್ನಿಟ್ಟು ಹಗುರಾಗಿ ತಟ್ಟಿದರೆ ಅದು ಆಚೆ ಬರುತ್ತದೆ. 1968ಕ್ಕಿಂತ ಹಿಂದಿನ ಬೀಟಲ್‌ಗಳಲ್ಲಿ ಹೀಗಿತ್ತು. ಆಮೇಲಿನ ಬೀಟಲ್‌ಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಸ್ಕ್ರೂ ಬಂತು. ಜನರಲ್ ಮೋಟಾರ್ಸ್ ಕಾರುಗಳಲ್ಲಿ ಕುದುರೆಲಾಳದ ಆಕಾರದ ತಂತಿಕ್ಲಿಪ್ಪು ಹ್ಯಾಂಡಲಿನ ಹಿಂದೆ ಅಡಗಿರುತ್ತದೆ. ಹ್ಯಾಂಡಲಿಗೂ ಬಿಲ್ಲೆಗೂ ನಡುವೆ ಒಂದು ಬಟ್ಟೆಯನ್ನು ತೂರಿಸಿ ಎಡಕ್ಕೂ ಬಲಕ್ಕೂ ಉಜ್ಜುತ್ತ ಎಳೆದರೆ ಬಟ್ಟೆಯ ಎಳೆ ಆ ಕ್ಲಿಪ್ಪಿಗೆ ಸಿಕ್ಕಿ ಅದನ್ನು ಕೀಳುತ್ತದೆ. ಕ್ಲಿಪ್ಪು ಚಿಮ್ಮಿ ಎಲ್ಲೋ ಬೀಳುವ ಸಂಭವವಿರುವುದರಿಂದ ಇನ್ನೊಂದು ಕೈ ಅಡ್ಡವಿರಲಿ. ಯಾವ ಬಗೆ ಎಂದು ತಿಳಿಯುವ ಮುನ್ನ ಹ್ಯಾಂಡಲನ್ನು ಜಗ್ಗುವುದು ಬೇಡ. ಹಳೆಯ ಹ್ಯಾಂಡಲುಗಳು ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ, ಮೇಲೆ ಕ್ರೋಮ್. ಅವು ಬಾಗುವುದಿಲ್ಲ, ಮುರಿಯುತ್ತವೆ.

ಇನ್ನು ಅಂಚಿನ ಕ್ಲಿಪ್ಪುಗಳು. ಪ್ಯಾಡಿನ ಹಿಂಬದಿಯಲ್ಲಿ ಸುತ್ತಲೂ ಸ್ಪ್ರಿಂಗ್ ಉಕ್ಕಿನ ಕ್ಲಿಪ್ಪುಗಳಿವೆ, ಅವು ಬಾಗಿಲ ತಗಡಿನ ತೂತುಗಳಲ್ಲಿ ಕುಳಿತಿವೆ. ಒಂದು ಕ್ಲಿಪ್ಪನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಎರಡು ಕಾಲುಗಳು ತುದಿಯಲ್ಲಿ ಕೂಡಿ, ನಡುವೆ ಉಬ್ಬಿ, ಬುಡದಲ್ಲಿ ಮತ್ತೆ ಕಿರಿದಾಗುವುದು ಕಾಣುತ್ತದೆ. ತುದಿಯಿಂದ ಉಬ್ಬಿನವರೆಗಿನ ಇಳಿಜಾರು ಸಾವಧಾನದ್ದು, ಉಬ್ಬಿನಿಂದ ಬುಡದವರೆಗಿನದ್ದು ಕಡಿದು. ಒಳಗೆ ತಳ್ಳುವಾಗ ಕಾಲುಗಳು ನಿಧಾನವಾಗಿ ಒತ್ತಿಕೊಳ್ಳುವುದರಿಂದ ಕಡಿಮೆ ಬಲ ಸಾಕು. ಹೊರಗೆ ಎಳೆಯುವಾಗ ಅಷ್ಟೇ ಒತ್ತುವಿಕೆ ತೀರ ಕಿರುದೂರದಲ್ಲಿ ಆಗಬೇಕಾದ್ದರಿಂದ ಹೆಚ್ಚು ಬಲ ಬೇಕು. ಹಾಕಲು ಅಂಗೈ ಸಾಕಾಗುವ ಪ್ಯಾಡನ್ನು ಬಿಚ್ಚಲು ಸನ್ನೆ ಬೇಕಾಗುವ ಗುಟ್ಟು ಇಷ್ಟೇ.

ಸನ್ನೆ ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಪ್ಯಾಡಿನ ಆಯುಸ್ಸು ನಿಂತಿದೆ. ಕ್ಲಿಪ್ಪಿನ ಪಕ್ಕದಲ್ಲೇ ಎತ್ತಿದರೆ ಬಲವೆಲ್ಲ ನೇರವಾಗಿ ಕ್ಲಿಪ್ಪಿಗೆ ಹೋಗುತ್ತದೆ. ಎರಡು ಕ್ಲಿಪ್ಪುಗಳ ನಡುವೆ ಎತ್ತಿದರೆ ನಡುವಿನ ಹಲಗೆ ಬಿಲ್ಲಿನಂತೆ ಬಾಗುತ್ತದೆ. ದೂರ ಹೆಚ್ಚಿದಷ್ಟೂ ಬಾಗಿಸುವ ಒತ್ತಡ ಹೆಚ್ಚು, ಆ ಒತ್ತಡ ಬಂದು ನಿಲ್ಲುವುದು ಹಲಗೆ ಎಲ್ಲಕ್ಕಿಂತ ದುರ್ಬಲವಾಗಿರುವ ಕಡೆ, ಅಂದರೆ ಕ್ಲಿಪ್ಪಿಗಾಗಿ ಕೊರೆದ ತೂತಿನ ಸುತ್ತ. ನೀರು ಕುಡಿದು ಪೊಳ್ಳಾದ ಹಾರ್ಡ್‌ಬೋರ್ಡ್ ಅಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಆದ್ದರಿಂದ ಅಂಚಿನಲ್ಲಿ ಬೆರಳಾಡಿಸಿ ಮೊದಲು ಕ್ಲಿಪ್ಪು ಎಲ್ಲಿದೆ ಎಂದು ಹುಡುಕಬೇಕು. ಆಮೇಲೆ ತುದಿ ಇಬ್ಭಾಗವಾದ ಚಪ್ಪಟೆ ಸಲಕರಣೆಯನ್ನು ಕ್ಲಿಪ್ಪಿನ ಎರಡೂ ಬದಿಗೆ ಬರುವಂತೆ ತೂರಿಸಿ ಎತ್ತಬೇಕು. ಬಣ್ಣಕ್ಕೆ ಗೀರು ಬೀಳದಂತೆ ಸಲಕರಣೆಯ ಕೆಳಗೆ ಮಡಚಿದ ಬಟ್ಟೆ ಇರಲಿ. ಕೆಳಮೂಲೆಯಿಂದ ಶುರುಮಾಡಿ ಸುತ್ತ ಬಿಡಿಸುತ್ತ ಬಂದು, ಕೊನೆಗೆ ಪ್ಯಾಡನ್ನು ತುಸು ಮೇಲಕ್ಕೆತ್ತಿ ಬಿಡಿಸಿಕೊಳ್ಳಬೇಕು. ಹಲವು ಕಾರುಗಳಲ್ಲಿ ಮೇಲಂಚು ಗ್ಲಾಸಿನ ಸೀಳಿನ ಅಂಚಿಗೆ ಸಿಕ್ಕಿಸಿದಂತಿರುತ್ತದೆ.

ಪ್ಯಾಡಿನ ಹಿಂದೆ ಆ ಹಾಳೆ ಸಿಗಬೇಕು. ಹಳೆಯ ಕಾರುಗಳಲ್ಲಿ ಡಾಂಬರು ಹಚ್ಚಿದ ಕಾಗದ, ಆಮೇಲಿನವುಗಳಲ್ಲಿ ಪಾಲಿಥೀನ್. ಬಹಳ ಸಲ ಅದು ಇರುವುದೇ ಇಲ್ಲ. ಹಿಂದೆ ಯಾವಾಗಲೋ ಗ್ಲಾಸಿನ ಕೆಲಸಕ್ಕೆ ಬಂದವರು ಹರಿದು ತೆಗೆದಿರುತ್ತಾರೆ, ಅದೇನು ಮಾಡುತ್ತಿತ್ತು ಎಂದು ಯೋಚಿಸದೆ ಪ್ಯಾಡ್ ಮುಚ್ಚಿರುತ್ತಾರೆ. ಇಡೀ ಬಾಗಿಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಇದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಬೇಕಾದ ಭಾಗ. ಬಾಗಿಲಿನ ಒಳತಗಡಿನಲ್ಲಿ ಕೈ ತೂರಿಸಿ ಕೆಲಸ ಮಾಡಲೆಂದು ದೊಡ್ಡ ಕಿಂಡಿಗಳಿವೆ. ಹಾಳೆ ಇಲ್ಲದಿದ್ದರೆ ಗ್ಲಾಸಿನಿಂದ ತೊಟ್ಟಿಕ್ಕುವ ನೀರು ಆ ಕಿಂಡಿಗಳಿಂದ ನೇರವಾಗಿ ಹಾರ್ಡ್‌ಬೋರ್ಡಿನ ಬೆನ್ನಿಗೆ ಸಿಡಿಯುತ್ತದೆ, ಅಲ್ಲಿಂದ ಇಳಿದು ಕಾರಿನ ನೆಲಹಾಸಿನಡಿ ಸೇರುತ್ತದೆ. ಕಾರಿನ ನೆಲದ ತಗಡು ತುಕ್ಕು ಹಿಡಿಯಿತು ಎಂದು ಗೋಳಾಡುವವರು ಎಷ್ಟೋ ಸಲ ನೋಡಬೇಕಾದ್ದು ಬಾಗಿಲನ್ನು.

ಈಗ ಟಾರ್ಚು ಹಿಡಿದು ಬಾಗಿಲಿನ ತಳ ನೋಡಿ. ಧೂಳು, ಒಣಗಿದ ಎಲೆಚೂರು, ರಬ್ಬರ್ ಬೀಡಿಂಗಿನ ಪುಡಿ ಎಲ್ಲ ಸೇರಿ ಮಣ್ಣಿನ ಪದರವಾಗಿರುತ್ತದೆ. ಅದು ತೂತುಗಳನ್ನು ಮುಚ್ಚಿದೆ. ಕೆಸರಿನ ಅಡಿಯ ಉಕ್ಕು ಬೇರೆಡೆಗಿಂತ ಬೇಗ ಸವೆಯಲು ಒಂದು ಸೊಗಸಾದ ಕಾರಣವಿದೆ. ಕೇಂಬ್ರಿಜ್‌ನ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಅದನ್ನು ಒಂದೇ ಒಂದು ಹನಿ ನೀರಿನಿಂದ ತೋರಿಸಿದರು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಡಿ. ಹನಿಯಲ್ಲಿ ಫಿನಾಲ್ಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆತಿರಲಿ. ಎರಡೂ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗುವ ವಸ್ತುಗಳು. ಸ್ವಲ್ಪ ಹೊತ್ತಿನಲ್ಲಿ ಹನಿಯ ನಡುವೆ ನೀಲಿ, ಅಂಚಿನಲ್ಲಿ ಗುಲಾಬಿ ಬಣ್ಣ ಮೂಡುತ್ತದೆ. ನೀಲಿ ಎಂದರೆ ಅಲ್ಲಿ ಕಬ್ಬಿಣ ಕರಗುತ್ತಿದೆ. ಗುಲಾಬಿ ಎಂದರೆ ಅಲ್ಲಿ ಆಮ್ಲಜನಕ ಮತ್ತು ನೀರು ಎಲೆಕ್ಟ್ರಾನುಗಳನ್ನು ಪಡೆದು ಕ್ಷಾರವಾಗುತ್ತಿವೆ. ಎರಡೂ ಸೇರುವ ನಡುವಿನ ಉಂಗುರದಲ್ಲಿ ತುಕ್ಕು ಕೂರುತ್ತದೆ.

ಹನಿಯ ಅಂಚು ತೆಳುವಾಗಿರುವುದರಿಂದ ಗಾಳಿಯ ಆಮ್ಲಜನಕ ಅಲ್ಲಿಗೆ ಸುಲಭವಾಗಿ ತಲುಪುತ್ತದೆ, ನಡುವಿಗೆ ತಲುಪುವುದಿಲ್ಲ. ಹೆಚ್ಚು ಆಮ್ಲಜನಕವಿರುವ ಜಾಗ ಎಲೆಕ್ಟ್ರಾನುಗಳನ್ನು ಬೇಡುತ್ತದೆ, ಕಡಿಮೆಯಿರುವ ಜಾಗ ಅವುಗಳನ್ನು ಕೊಡುತ್ತದೆ. ಕೊಡುವ ಜಾಗದ ಕಬ್ಬಿಣವೇ ಕರಗುವುದು. ಆಮ್ಲಜನಕವಿದ್ದಲ್ಲಿ ತುಕ್ಕು ಹೆಚ್ಚು ಎಂಬ ನಮ್ಮ ಸಹಜ ಊಹೆಗೆ ಇದು ನೇರ ವಿರುದ್ಧ. ಒಂದೇ ಹನಿಯ ಕೆಳಗೆ, ಒಂದೇ ತಗಡಿನ ಮೇಲೆ, ಹೀಗೆ ಒಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಬಾಗಿಲಿನ ತಳಕ್ಕೆ ಇದನ್ನು ಅನ್ವಯಿಸಿ: ಗಾಳಿಯಾಡುವ ಗೋಡೆಗಳು ಹನಿಯ ಅಂಚು, ಒದ್ದೆ ಕೆಸರಿನ ಅಡಿಯ ತಗಡು ಹನಿಯ ನಡು. ಗೋಡೆ ಚೆನ್ನಾಗಿಯೇ ಉಳಿದು ತಳ ಜರಡಿಯಾಗುವುದು ಈ ಲೆಕ್ಕದಿಂದ.

ತಳದ ಮಡಿಕೆಯ ಕಥೆ ಇನ್ನೂ ಕೆಟ್ಟದ್ದು. ಬಾಗಿಲಿನ ಹೊರತಗಡಿನ ಅಂಚನ್ನು ಒಳತಗಡಿನ ಅಂಚಿನ ಮೇಲೆ ಮಡಚಿ ಒತ್ತಿರುತ್ತಾರೆ. ಒತ್ತಿದ ತಗಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ನೀರಿನ ಮೇಲ್ಮೈ ಸೆಳೆತ ಆ ಸಂದಿನೊಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ. ಸಂದಿನ ಅಗಲ 0.1 ಮಿಲಿಮೀಟರ್ ಇದ್ದು, ನೀರು ಲೋಹಕ್ಕೆ ಪೂರ್ತಿ ಅಂಟಿದರೆ, ಗುರುತ್ವಕ್ಕೆ ಎದುರಾಗಿ ಅದು ಸುಮಾರು 15 ಸೆಂಟಿಮೀಟರ್ ಏರಬಲ್ಲದು. ಮಡಿಕೆಯ ಎತ್ತರ ಇರುವುದೇ ಒಂದು ಸೆಂಟಿಮೀಟರಿನ ಆಸುಪಾಸು. ಅಂದರೆ ಒಮ್ಮೆ ಒದ್ದೆಯಾದ ಮಡಿಕೆ ಪೂರ್ತಿ ತುಂಬಿಕೊಳ್ಳುತ್ತದೆ, ಗುರುತ್ವದ ಬಲದಿಂದ ಖಾಲಿಯಾಗುವುದಿಲ್ಲ, ಆವಿಯಾಗಿಯೇ ಒಣಗಬೇಕು. ಒಳಗೆ ಬಣ್ಣವೂ ಸರಿಯಾಗಿ ಇಳಿದಿರುವುದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಮಡಿಕೆಯನ್ನು ಒಳಗಿನಿಂದಲೇ ಬಿಚ್ಚುತ್ತ ಹೋಗುತ್ತದೆ. ಸಂದು ಅಗಲವಾಗುತ್ತದೆ, ಇನ್ನಷ್ಟು ನೀರು ಹಿಡಿಯುತ್ತದೆ. ಹೊರಗಿನಿಂದ ನಮಗೆ ಕಾಣುವುದು ಬಣ್ಣದ ಕೆಳಗಿನ ಸಣ್ಣ ಸಣ್ಣ ಗುಳ್ಳೆ ಮಾತ್ರ.

ಕರಾವಳಿಯ ಕಾರುಗಳಿಗೆ ಇದರ ಮೇಲೆ ಉಪ್ಪಿನ ಕಾಟ. ಅಡುಗೆ ಉಪ್ಪು ಗಾಳಿಯ ತೇವ ಶೇ. 75ರ ಸುಮಾರಿಗೆ ಬಂದಾಗ ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ, ಅದಕ್ಕೆ ಶೇ. 33 ಸಾಕು. ಮಲ್ಪೆಯಲ್ಲೋ ಕಾರವಾರದಲ್ಲೋ ನಿಂತ ಕಾರಿನ ಬಾಗಿಲೊಳಗೆ ಆ ಉಪ್ಪು ಸೇರಿತೆಂದರೆ, ಮಳೆ ಇಲ್ಲದ ಜನವರಿಯಲ್ಲೂ ಅದರ ತಗಡು ಪೂರ್ತಿ ಒಣಗುವುದಿಲ್ಲ. ಬೆಂಗಳೂರಿನ ಕಾರು ಎಂದು ನಂಬಿಸಿ ಮಾರಿದ ಗಾಡಿಯ ನಿಜವಾದ ಊರನ್ನು ಬಾಗಿಲಿನ ಹೊಟ್ಟೆ ಬಹಳ ಸಲ ಹೇಳಿಬಿಡುತ್ತದೆ.

ಈ ತುಕ್ಕಿಗೆ ನಮ್ಮಲ್ಲಿ ರೂಢಿಯಾಗಿರುವ ಚಿಕಿತ್ಸೆ ಹೊರಗಿನಿಂದ: ಗುಳ್ಳೆಯನ್ನು ಉಜ್ಜಿ, ಪುಟ್ಟಿ ಬಳಿದು, ಬಣ್ಣ ಹೊಡೆಯುವುದು. ಒಳಗಿನ ಕೆಸರು, ಒಳಗಿನ ಸಂದು, ಒಳಗಿನ ಬ್ಯಾಟರಿ ಇದ್ದಂತೆಯೇ ಇರುತ್ತವೆ. ಒಂದೆರಡು ಮಳೆಗಾಲಗಳಲ್ಲಿ ಗುಳ್ಳೆ ಮತ್ತೆ ಏಳುತ್ತದೆ. ಪ್ಯಾಡ್ ಬಿಚ್ಚಿರುವಾಗಲೇ ಒಳಗಿನಿಂದ ಕೆಲಸ ಶುರುಮಾಡಬೇಕು. ಕೆಸರು ಕೆರೆದು ತೆಗೆದು, ಸಿಹಿನೀರಿನಿಂದ ತೊಳೆದು ಉಪ್ಪನ್ನು ಕಳೆದು, ಪೂರ್ತಿ ಒಣಗಿಸಿ, ಸಡಿಲ ತುಕ್ಕನ್ನು ತಂತಿ ಬ್ರಶ್ಶಿನಿಂದ ತೆಗೆಯಬೇಕು. ಉಳಿದ ತೆಳುತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದರೆ ಅದು ಕಬ್ಬಿಣದ ಫಾಸ್ಫೇಟ್ ಆಗಿ ಮಾರ್ಪಟ್ಟು ಪ್ರೈಮರಿಗೆ ಹಿಡಿತ ಕೊಡುತ್ತದೆ. ಪ್ರೈಮರ್ ಒಣಗಿದ ಮೇಲೆ ಮಡಿಕೆಯ ಸಂದಿಗೆ ತೆಳ್ಳನೆಯ ಮೇಣದ ದ್ರಾವಣವನ್ನು ಬಿಡಬೇಕು. ನೀರನ್ನು ಒಳಗೆಳೆದ ಅದೇ ಸಂದು ಈಗ ಮೇಣವನ್ನೂ ಒಳಗೆಳೆದುಕೊಳ್ಳುತ್ತದೆ. ಕೆಲವರು ಹಳೆಯ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲಗಳು ಸೇರಿರುತ್ತವೆ, ಖನಿಜ ತೈಲ ರಬ್ಬರ್ ಬೀಡಿಂಗನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ತೊಟ್ಟಿಕ್ಕಿ ನೆಲವನ್ನೂ ಕೆಡಿಸುತ್ತದೆ.

ಗ್ಲಾಸು ಏರಿಸಿ ಇಳಿಸುವ ಯಂತ್ರವನ್ನು ಮೆಕ್ಯಾನಿಕ್‌ಗಳು ವಿಂಡೋ ಮಷೀನ್ ಎನ್ನುತ್ತಾರೆ. ಕಾರಿನಲ್ಲಿ ಇಷ್ಟು ಜಾಣತನ ತುಂಬಿದ, ಇಷ್ಟು ಕಡಿಮೆ ಗಮನ ಸೆಳೆದ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ. ಹ್ಯಾಂಡಲಿನ ದಂಡದ ತುದಿಗೆ ಪುಟ್ಟ ಹಲ್ಲುಚಕ್ರ, ಅದು ಬೀಸಣಿಗೆಯಾಕಾರದ ದೊಡ್ಡ ಹಲ್ಲುಪಟ್ಟಿಯನ್ನು ತಿರುಗಿಸುತ್ತದೆ, ಅದಕ್ಕೆ ಕೂಡಿದ ತೋಳು ಗ್ಲಾಸಿನ ತಳದ ಚಾನೆಲ್ಲನ್ನು ಎತ್ತುತ್ತದೆ. 70 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಎತ್ತರ, 5 ಮಿಲಿಮೀಟರ್ ದಪ್ಪದ ಗ್ಲಾಸು ಸುಮಾರು ನಾಲ್ಕು ಕಿಲೊ ತೂಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಗ್ಲಾಸು ಏರುತ್ತದೆ, ಸರಿ. ಕೈ ಬಿಟ್ಟಾಗ ನಾಲ್ಕು ಕಿಲೊ ಗ್ಲಾಸು ತನ್ನ ಭಾರದಿಂದ ಇಳಿಯುತ್ತ ಹ್ಯಾಂಡಲನ್ನು ಗಿರಗಿರನೆ ಹಿಂದಕ್ಕೆ ತಿರುಗಿಸಬೇಕಿತ್ತಲ್ಲ? ಅದು ನಿಂತಲ್ಲೇ ನಿಲ್ಲುತ್ತದೆ. ಹೊರಗಿನಿಂದ ಅಂಗೈಯಲ್ಲಿ ಗ್ಲಾಸನ್ನು ಒತ್ತಿದರೂ ಕದಲುವುದಿಲ್ಲ.

ಹ್ಯಾಂಡಲಿನ ಹಿಂದಿನ ಡಬ್ಬಿಯೊಳಗೆ ಸುರುಳಿ ಸ್ಪ್ರಿಂಗ್ ಒಂದಿದೆ, ಅದು ಡಬ್ಬಿಯ ಒಳಗೋಡೆಗೆ ಒತ್ತಿಕೊಂಡು ಕುಳಿತಿದೆ. ಅದರ ಎರಡು ತುದಿಗಳನ್ನು ಒಳಕ್ಕೆ ಬಗ್ಗಿಸಿದ್ದಾರೆ. ಹ್ಯಾಂಡಲ್ ತಿರುಗಿಸಿದಾಗ ತುದಿಯನ್ನು ತಳ್ಳುವ ದಿಕ್ಕು ಸುರುಳಿಯನ್ನು ಬಿಗಿಯಾಗಿ ಸುತ್ತುವ ದಿಕ್ಕು. ಸುರುಳಿ ಕಿರಿದಾಗಿ ಗೋಡೆಯಿಂದ ಬಿಡಿಸಿಕೊಂಡು ಹ್ಯಾಂಡಲಿನ ಜೊತೆ ತಿರುಗುತ್ತದೆ. ಗ್ಲಾಸು ತನ್ನ ಭಾರದಿಂದ ತಳ್ಳಿದಾಗ ಅದೇ ತುದಿಯನ್ನು ಇನ್ನೊಂದು ಮಗ್ಗುಲಿನಿಂದ ತಳ್ಳುತ್ತದೆ. ಸುರುಳಿ ಅಗಲವಾಗಿ ಗೋಡೆಯನ್ನು ಕಚ್ಚುತ್ತದೆ. ಹೆಚ್ಚು ತಳ್ಳಿದರೆ ಹೆಚ್ಚು ಕಚ್ಚುತ್ತದೆ. ಕೈಯ ಮಾತು ಗ್ಲಾಸಿಗೆ ಹೋಗುತ್ತದೆ, ಗ್ಲಾಸಿನ ಮಾತು ಕೈಗೆ ಬರುವುದಿಲ್ಲ.

ಇದರ ಗಣಿತವನ್ನು 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಬರೆದರು, ಮುಂದೆ ಜರ್ಮನಿಯ ಎಂಜಿನಿಯರ್ ಯೊಹಾನ್ ಐಟೆಲ್ವೈನ್ ಅದನ್ನು ಬಳಕೆಗೆ ತಂದರು. ಕಂಬಕ್ಕೆ ಸುತ್ತಿದ ಹಗ್ಗದಲ್ಲಿ ಪ್ರತಿ ಸುತ್ತೂ ಹಿಡಿತವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಘರ್ಷಣೆಯ ಗುಣಾಂಕ 0.2 ಇದ್ದರೆ ಒಂದು ಸುತ್ತಿಗೆ ಹಿಡಿತ ಮೂರೂವರೆ ಪಟ್ಟು, ಮೂರು ಸುತ್ತಿಗೆ ನಲವತ್ತಮೂರು ಪಟ್ಟು. ಸುರುಳಿ ಸ್ಪ್ರಿಂಗಿಗೂ ಇದೇ ಲೆಕ್ಕ ಸಲ್ಲುತ್ತದೆ. ಗುಣಾಂಕ 0.1ಕ್ಕೆ ಇಳಿದರೆ ಅದೇ ಮೂರು ಸುತ್ತಿನ ಹಿಡಿತ ಆರೂವರೆ ಪಟ್ಟಿಗೆ ಕುಸಿಯುತ್ತದೆ. ಗ್ಲಾಸು ಬಿಗಿಯಾಗಿದೆ ಎಂದು ಆ ಡಬ್ಬಿಯೊಳಗೆ ತೆಳುಎಣ್ಣೆ ಸುರಿಯಬಾರದು ಎನ್ನುವುದಕ್ಕೆ ಇದೇ ಕಾರಣ. ಹಲ್ಲುಪಟ್ಟಿಗೆ, ತೋಳಿನ ಕೀಲಿಗೆ, ಚಾನೆಲ್ಲಿನಲ್ಲಿ ಜಾರುವ ಗುಂಡಿಗೆ ಗ್ರೀಸ್ ಹಚ್ಚಿ. ಡಬ್ಬಿಯನ್ನು ಅದರ ಪಾಡಿಗೆ ಬಿಡಿ. ಗ್ಲಾಸು ಬಿಗಿಯಾಗುವುದು ಹೆಚ್ಚಾಗಿ ಮಷೀನಿನಿಂದಲೂ ಅಲ್ಲ, ಗ್ಲಾಸು ಓಡಾಡುವ ಪಕ್ಕದ ಫೆಲ್ಟ್ ಚಾನೆಲ್ ಧೂಳು ತುಂಬಿ ಗಟ್ಟಿಯಾಗಿರುವುದರಿಂದ.

ಮಷೀನನ್ನೇ ಹೊರತೆಗೆಯಬೇಕಾದರೆ ಒಂದು ಎಚ್ಚರಿಕೆ. ಹಲವು ಮಷೀನುಗಳಲ್ಲಿ ಗಡಿಯಾರದ ಸ್ಪ್ರಿಂಗಿನಂಥ ಚಪ್ಪಟೆ ಸುರುಳಿ ಇನ್ನೊಂದಿರುತ್ತದೆ. ಗ್ಲಾಸು ಇಳಿಯುವಾಗ ಅದು ಸುತ್ತಿಕೊಂಡು ಶಕ್ತಿ ಕೂಡಿಟ್ಟುಕೊಳ್ಳುತ್ತದೆ, ಏರಿಸುವಾಗ ಆ ಶಕ್ತಿಯನ್ನು ನಮ್ಮ ಕೈಗೆ ಮರಳಿಸುತ್ತದೆ. ನಾಲ್ಕು ಕಿಲೊ ಗ್ಲಾಸನ್ನು 40 ಸೆಂಟಿಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 16 ಜೂಲ್. ಗ್ಲಾಸಿನ ಭಾರ ಕಳಚಿ, ಪುಟ್ಟ ಹಲ್ಲುಚಕ್ರವನ್ನೂ ಬಿಡಿಸಿದ ಕ್ಷಣ ಆ ಶಕ್ತಿ ತೋಳನ್ನು ಬೀಸಿ ಒಗೆಯುತ್ತದೆ. ಹಲ್ಲುಪಟ್ಟಿಯ ಅಂಚಿನಲ್ಲಿ ಬೆರಳಿದ್ದರೆ ಗಾಯ ಆಳವಾಗಿಯೇ ಆಗುತ್ತದೆ. ಯಾವುದನ್ನೂ ಬಿಡಿಸುವ ಮೊದಲು ಹಲ್ಲುಪಟ್ಟಿಯನ್ನು ಅದರ ಹಿಂದಿನ ತಗಡಿಗೆ ಒಂದು ಬೋಲ್ಟಿನಿಂದ ಬಂಧಿಸಿಕೊಳ್ಳಬೇಕು.

ಗ್ಲಾಸು ಹೊರಬಂದರೆ ಅದನ್ನು ಸಿಮೆಂಟು ನೆಲದ ಮೇಲೆ ಅಂಚೂರಿ ನಿಲ್ಲಿಸಬೇಡಿ, ಕಂಬಳಿಯ ಮೇಲೆ ಮಲಗಿಸಿ. ಬಾಗಿಲ ಗ್ಲಾಸು ಟಫನ್ಡ್ ಗ್ಲಾಸು. 600 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಾಯಿಸಿ, ಎರಡೂ ಮೈಗೆ ಒಮ್ಮೆಲೇ ತಣ್ಣನೆ ಗಾಳಿ ಊದಿ ತಯಾರಿಸುವಂಥದ್ದು. ಹೊರಮೈ ಮೊದಲು ಗಟ್ಟಿಯಾಗುತ್ತದೆ, ಒಳಗು ನಿಧಾನವಾಗಿ ಕುಗ್ಗುತ್ತ ಹೊರಮೈಯನ್ನು ಒತ್ತಿ ಹಿಡಿಯುತ್ತದೆ. ಈ ಒತ್ತಡ ಸಾಮಾನ್ಯವಾಗಿ 70 ಮೆಗಾಪಾಸ್ಕಲ್‌ಗೂ ಹೆಚ್ಚು. ಮೈಮೇಲೆ ಹೊಡೆತ ಬಿದ್ದರೆ ಬಿರುಕು ಮೊದಲು ಆ ಒತ್ತಡವನ್ನು ಗೆಲ್ಲಬೇಕು, ಹಾಗಾಗಿ ಗ್ಲಾಸು ತಾಳುತ್ತದೆ. ಅಂಚಿನಲ್ಲಿ ಒಂದು ಚಕ್ಕೆ ಎದ್ದು ಬಿರುಕು ಒಳಪದರ ಮುಟ್ಟಿದರೆ, ಅಲ್ಲಿ ಕೂಡಿಟ್ಟ ಎಳೆತವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಗ್ಲಾಸು ಕಲ್ಲುಸಕ್ಕರೆಯಷ್ಟು ಚೂರುಗಳಾಗುತ್ತದೆ. ಅದನ್ನು ಕತ್ತರಿಸಲೂ ಆಗದು, ಕೊರೆಯಲೂ ಆಗದು. ಹಳೆಯ ಕಾರಿಗೆ ಒಪ್ಪುವ ಇನ್ನೊಂದು ಗ್ಲಾಸಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಂದ ಶಿವಾಜಿನಗರದ ಗುಜರಿಯವರೆಗೆ ಅಲೆಯುವುದಕ್ಕಿಂತ ಒಂದು ಕಂಬಳಿ ಹಾಸುವುದು ಸುಲಭ.

ಕೆಲಸ ಮುಗಿದ ಮೇಲೆ, ಹಾಳೆ ಅಂಟಿಸುವ ಮುಂಚೆ, ಗ್ಲಾಸು ಏರಿಸಿ ಹೊರಗಿನಿಂದ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿದು ಟಾರ್ಚಿನಲ್ಲಿ ಒಳಗೆ ನೋಡಿ. ನೀರು ಎಲ್ಲಿ ಇಳಿಯುತ್ತದೆ, ಯಾವ ಬೋಲ್ಟಿಗೆ ಬಡಿದು ಯಾವ ಕಡೆ ಸಿಡಿಯುತ್ತದೆ, ತಳದ ತೂತುಗಳಿಂದ ಎಷ್ಟು ಬೇಗ ಹೊರಬೀಳುತ್ತದೆ ಎಲ್ಲವೂ ಕಣ್ಣೆದುರೇ ಗೊತ್ತಾಗುತ್ತದೆ. ಆಮೇಲೆ ದಪ್ಪ ಪಾಲಿಥೀನ್ ಹಾಳೆಯನ್ನು ಬಾಗಿಲಿನ ಆಕಾರಕ್ಕೆ ಕತ್ತರಿಸಿ, ಹ್ಯಾಂಡಲಿನ ದಂಡಗಳಿಗೆ ಬೇಕಾದಷ್ಟೇ ತೂತು ಮಾಡಿ, ಒಣಗದ ಅಂಟುಪಟ್ಟಿಯಿಂದ ಸುತ್ತ ಕೂರಿಸಿ. ಮುಂದೊಮ್ಮೆ ಬಿಚ್ಚುವವರು ಹರಿಯದೆ ತೆಗೆಯುವಂತಿರಬೇಕು. ಹಾಳೆಯ ಕೆಳಗಿನ ಅಂಚನ್ನು ಮಾತ್ರ ತಗಡಿನ ಮೇಲೆ ಅಂಟಿಸಬೇಡಿ. ಕೆಳಗಿನ ಕಿಂಡಿಯೊಳಕ್ಕೆ ಇಳಿಬಿಡಿ. ಹಾಳೆಗೆ ಸಿಡಿದ ನೀರು ಜಾರಿ ಮರಳಿ ಬಾಗಿಲಿನ ಹೊಟ್ಟೆಗೇ ಬೀಳಬೇಕು. ಅಂಚು ಹೊರಗಿದ್ದರೆ ಅದೇ ನೀರು ಪ್ಯಾಡಿನ ಬುಡಕ್ಕೆ ಬೀಳುತ್ತದೆ, ಹಾಳೆ ಹಾಕಿಯೂ ಹಾಕದಂತಾಗುತ್ತದೆ.

ಹಳೆಯ ಹಾರ್ಡ್‌ಬೋರ್ಡ್ ಉಬ್ಬಿದ್ದರೆ ಅದನ್ನೇ ಅಚ್ಚಾಗಿಟ್ಟು ಹೊಸದನ್ನು ಕತ್ತರಿಸಿಕೊಳ್ಳಬಹುದು. ತೆಳ್ಳನೆಯ ಮರೈನ್ ಪ್ಲೈವುಡ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಫಿನಾಲ್ ಅಂಟು ನೀರಿಗೆ ಬಿಡುವುದಿಲ್ಲ. ದಪ್ಪ ಮಾತ್ರ ಹಳೆಯದರಷ್ಟೇ ಇರಲಿ, ಅಳತೆಯನ್ನು ನೀರು ಮುಟ್ಟದ ಮೇಲಂಚಿನಲ್ಲಿ ತೆಗೆದುಕೊಳ್ಳಿ. ಕ್ಲಿಪ್ಪಿನ ಬುಡ ಒಂದು ನಿರ್ದಿಷ್ಟ ದಪ್ಪವನ್ನು ಹಿಡಿಯಲೆಂದೇ ಮಾಡಿದ್ದು. ಹಲಗೆ ಒಂದು ಮಿಲಿಮೀಟರ್ ಹೆಚ್ಚಾದರೂ ಉಬ್ಬು ತೂತಿನ ಆಚೆ ತಲುಪುವುದಿಲ್ಲ. ಕತ್ತರಿಸಿದ ಅಂಚಿಗೂ ಕ್ಲಿಪ್ಪಿನ ತೂತುಗಳ ಒಳಗೂ ವಾರ್ನಿಷ್ ಎರಡು ಸಲ ಹಚ್ಚಿ, ನೀರು ಮೊದಲು ಹೊಕ್ಕುವುದು ಅಲ್ಲಿಂದಲೇ. ಕ್ಲಿಪ್ಪುಗಳನ್ನು ಒಂದೊಂದಾಗಿ ಅವುಗಳ ತೂತಿಗೆ ನೇರ ಹಿಡಿದು, ಕ್ಲಿಪ್ಪಿನ ಮೇಲೆಯೇ ಅಂಗೈಯಿಂದ ಒತ್ತಿ ಕೂರಿಸಿ. ಕೊನೆಗೆ ಗ್ಲಾಸನ್ನು ಪೂರ್ತಿ ಮೇಲಕ್ಕೇರಿಸಿ, ಮೊದಲೇ ತೆಗೆದ ಫೋಟೊ ನೋಡಿಕೊಂಡು ಹ್ಯಾಂಡಲನ್ನು ದಂಡದ ಹಲ್ಲುಗಳ ಮೇಲೆ ಅದೇ ಕೋನಕ್ಕೆ ಕೂರಿಸಿ ಪಿನ್ ಹಾಕಿ. ಒಂದು ಹಲ್ಲು ಆಚೀಚೆಯಾದರೆ ಹ್ಯಾಂಡಲ್ ಕೂತವರ ಮೊಣಕಾಲಿಗೆ ತಗಲುತ್ತದೆ.